ಮಂಡ್ಯದ ಮಂಡಲಕ್ಕೆ ಯಾವ ಊರಿನ ಮದ್ದು?

ಎರಡು ವರ್ಷದ ಹಿಂದಿನ ಮಾತು. ಮುಂಗಾರು ಹಿಡಿದಿತ್ತು. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟ್ ಬಂತು ಅಂತ ನಮ್ಮ ದೊಡ್ಡಪ್ಪ ಮೋಟರ್ ಹಾಕಲು ಹೊರಟರು. ನಮ್ಮೂರು ಪಾಂಡವಪುರ ತಾಲೂಕಿನಲ್ಲಿದೆ. ಆದರೆ ನಮ್ಮ ಜಮೀನಿಗೆ ನಾಲೆ ನೀರು ಸರಿಯಾಗಿ ಹತ್ತುವುದಿಲ್ಲ, ಬೋರ್‌ವೆಲ್ಲೇ ಗತಿ. ದೊಡ್ಡಪ್ಪನ ಕೈಯಲ್ಲಿ ಸಣ್ಣ ಬ್ಯಾಟರಿ, ಕಾಲಲ್ಲಿ ಹವಾಯಿ ಚಪ್ಪಲಿ. ಬದುವಿನ ಮೇಲೆ ಕಬ್ಬಿನ ಒಣ ಗರಿ ಬಿದ್ದಿತ್ತು. ಅದರ ಮೇಲೆ ಕಾಲಿಟ್ಟರು. ಮನೆಗೆ ಕುಂಟುತ್ತಾ ಬಂದು ಹೇಳಿದ್ದು ಇಷ್ಟೇ: "ಏನೋ ಹುಳ ಮುಟ್ತು ಕಣ್ಲಾ."

ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ. ಹಾವು ಕಚ್ಚಿತು ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತೇವೆ. ಕಾಲು ಊದಿಕೊಳ್ಳುತ್ತಿದ್ದ ರೀತಿ ನೋಡಿದರೆ ಅದು ಯಾವ ಹುಳ ಅಂತ ಎಲ್ಲರಿಗೂ ಗೊತ್ತಿತ್ತು. ಕೊಳಕು ಮಂಡಲ.

ಆಸ್ಪತ್ರೆ ಸೇರುವಷ್ಟರಲ್ಲಿ ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಮೊದಲು ಹತ್ತು ವಯಲ್ (ಸಣ್ಣ ಸೀಸೆ) ಮದ್ದು ಕೊಟ್ಟರು. ಆರು ಗಂಟೆ ಬಿಟ್ಟು ಮತ್ತೆ ಹತ್ತು. ಆಮೇಲೆ ಮೂತ್ರ ಕಟ್ಟಿತು, ಡಯಾಲಿಸಿಸ್ ಆಯಿತು. ದೊಡ್ಡಪ್ಪ ಬದುಕಿಕೊಂಡರು. ಒಂದು ಕಾಲ್ಬೆರಳು ಉಳಿಯಲಿಲ್ಲ. ಅಷ್ಟೊಂದು ಮದ್ದು ಯಾಕೆ ಬೇಕಾಯಿತು ಅಂತ ಅಲ್ಲಿನ ಡಾಕ್ಟರನ್ನು ಕೇಳಿದೆ. ಅವರು ಸಮಾಧಾನವಾಗಿ ಒಂದು ಮಾತು ಹೇಳಿದರು: "ಈ ಮದ್ದು ನಿಮ್ಮೂರಿನ ಹಾವಿನ ವಿಷ ಇಟ್ಟುಕೊಂಡು ಮಾಡಿದ್ದಲ್ಲ."

ಆ ಮಾತು ತಲೆಯಿಂದ ಹೋಗಲಿಲ್ಲ. ಹಾವಿನ ಮದ್ದು ಅಂದರೆ ಹಾವಿನ ಮದ್ದು ಅಲ್ವಾ? ಇದರಲ್ಲಿ ಊರು ಎಲ್ಲಿಂದ ಬಂತು? ಅಂದಿನಿಂದ ಓದುತ್ತಾ, ಕೇಳುತ್ತಾ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಷ ಒಂದೇ ವಸ್ತು ಅಲ್ಲ

ಹಾವಿನ ವಿಷ ಅಂದಾಗ ನಾವು ಯಾವುದೋ ಒಂದು ದ್ರವ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಹತ್ತಾರು ಬಗೆಯ ಪ್ರೋಟೀನುಗಳ ಮಿಶ್ರಣ. ಒಂದೊಂದು ಪ್ರೋಟೀನಿಗೂ ಒಂದೊಂದು ಕೆಲಸ. ಯಾವ ಹಾವಿನಲ್ಲಿ ಯಾವುದು ಎಷ್ಟಿದೆ ಅನ್ನುವುದರ ಮೇಲೆ ಮನುಷ್ಯನಿಗೆ ಏನಾಗುತ್ತದೆ ಅನ್ನುವುದು ನಿಂತಿದೆ.

ನಾಗರಹಾವು ಮತ್ತು ಕಟ್ಟುಹಾವು ನರಕ್ಕೆ ಕೈ ಹಾಕುತ್ತವೆ. ನಮ್ಮ ಜಿಲ್ಲೆಯವರಿಗೆ ಇದನ್ನು ನೀರಾವರಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಗೊತ್ತಾಗುತ್ತದೆ. ಮಿದುಳನ್ನು ಕನ್ನಂಬಾಡಿ ಕಟ್ಟೆ ಅಂದುಕೊಳ್ಳಿ. ನರವೇ ನಾಲೆ. ನಾಲೆಯ ತುದಿಯಲ್ಲಿ ತೂಬು ತೆರೆದು ನೀರು ಗದ್ದೆಗೆ ಬೀಳುತ್ತದೆ. ಗದ್ದೆ ಅಂದರೆ ಸ್ನಾಯು. ಆ ನೀರು ಬಿದ್ದರೆ ಮಾತ್ರ ಸ್ನಾಯು ಅಲುಗುತ್ತದೆ. ಕಣ್ಣು ರೆಪ್ಪೆ ಎತ್ತುವುದಕ್ಕೂ, ಉಸಿರಾಡುವುದಕ್ಕೂ ಆ ನೀರೇ ಬೇಕು.

ನಾಗರಹಾವಿನ ವಿಷ ಗದ್ದೆಗೆ ನೀರು ಬೀಳುವ ಬಾಯಿಗೆ ಮಣ್ಣು ತುಂಬುತ್ತದೆ. ನಾಲೆಯಲ್ಲಿ ನೀರಿದೆ, ಗದ್ದೆ ಒಣಗುತ್ತದೆ. ಇದಕ್ಕೆ ಡಾಕ್ಟರು ನಿಯೋಸ್ಟಿಗ್ಮಿನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಬಿದ್ದ ನೀರು ಬೇಗ ಇಂಗದ ಹಾಗೆ ಅದು ತಡೆಯುತ್ತದೆ. ಮಟ್ಟ ಏರಿ ಅಷ್ಟಿಷ್ಟು ನೀರು ಗದ್ದೆಗೆ ನುಗ್ಗುತ್ತದೆ. ಕಟ್ಟುಹಾವಿನ ವಿಷ ಹಾಗಲ್ಲ. ಅದು ತೂಬನ್ನೇ ಮುರಿದು ಹಾಕುತ್ತದೆ. ನರದ ತುದಿಯೇ ಹಾಳಾಗುತ್ತದೆ. ಆಮೇಲೆ ಎಷ್ಟು ಮದ್ದು ಸುರಿದರೂ ಮುರಿದದ್ದು ಕೂಡಲೇ ಕೂಡಿಕೊಳ್ಳುವುದಿಲ್ಲ. ದೇಹವೇ ಹೊಸ ತೂಬು ಕಟ್ಟಿಕೊಳ್ಳಬೇಕು, ಅದಕ್ಕೆ ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸುತ್ತದೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿಸಿ ಸುಮ್ನೆ ಮಲಗಿಸಿದರೆ ಮುಗಿಯಿತು.

ಮಂಡಲದ ದಾರಿಯೇ ಬೇರೆ. ಅದು ರಕ್ತದ ಮೇಲೆ ಬೀಳುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ನಮ್ಮ ರಕ್ತದಲ್ಲೇ ಸಿದ್ಧವಾಗಿರುತ್ತವೆ. ಮಂಡಲದ ವಿಷ ಅವನ್ನು ಇಲ್ಲದ ಗಾಯಕ್ಕೆ ಎಬ್ಬಿಸಿ ಕೂರಿಸುತ್ತದೆ. ಒಳಗೊಳಗೇ ಎಲ್ಲ ಖರ್ಚಾಗಿ ಹೋಗುತ್ತದೆ. ಇದ್ದಬದ್ದ ಹೆಪ್ಪನ್ನೆಲ್ಲ ಊರ ಹಾಲಿಗೆ ಸುರಿದುಬಿಟ್ಟರೆ ನಮ್ಮ ಮನೆ ಹಾಲಿಗೆ ಹೆಪ್ಪು ಎಲ್ಲಿ ಉಳಿಯುತ್ತದೆ? ಹಾಗೆ. ಆಮೇಲೆ ಒಸಡಿನಲ್ಲಿ, ಮೂತ್ರದಲ್ಲಿ, ಒಮ್ಮೊಮ್ಮೆ ಮಿದುಳಿನಲ್ಲೂ ರಕ್ತ ಸೋರುತ್ತದೆ. ಜೊತೆಗೆ ಕಿಡ್ನಿ ಕೆಡುತ್ತದೆ, ಕಚ್ಚಿದ ಜಾಗ ಕೊಳೆಯುತ್ತದೆ.

ಇದನ್ನು ಪತ್ತೆ ಮಾಡಲು ಆಸ್ಪತ್ರೆಯಲ್ಲಿ ಒಂದು ಸರಳ ಪರೀಕ್ಷೆ ಇದೆ. ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಸರಿ. ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಅಂತ ಅರ್ಥ. ದೊಡ್ಡಪ್ಪನ ರಕ್ತ ಹರಿಯಿತು. ಮದ್ದು ಕೊಟ್ಟ ಮೇಲೆ ಆರು ಗಂಟೆ ಕಾದು ಮತ್ತೆ ನೋಡಿದ್ದು ಯಾಕೆ ಅಂದರೆ, ಮದ್ದು ವಿಷವನ್ನು ಮಾತ್ರ ಹಿಡಿಯುತ್ತದೆ. ಖರ್ಚಾದ ಪ್ರೋಟೀನನ್ನು ಯಕೃತ್ತು, ಅಂದರೆ ಲಿವರ್, ಹೊಸದಾಗಿ ಮಾಡಬೇಕು. ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ.

ಕುದುರೆ ಕೊಟ್ಟ ಮದ್ದು

ಈಗ ಆ ಮದ್ದಿನ ವಿಷಯ. ಆಸ್ಪತ್ರೆಯಲ್ಲಿ ಅದನ್ನು ಎಎಸ್‌ವಿ ಅನ್ನುತ್ತಾರೆ. ಪುಸ್ತಕದಲ್ಲಿ ಪ್ರತಿವಿಷ. ಇದರ ಹಿಂದಿನ ಉಪಾಯ 1890ರ ದಶಕದ್ದು. ಆಲ್ಬರ್ಟ್ ಕಾಲ್ಮೆಟ್ ಅನ್ನುವ ಫ್ರೆಂಚ್ ವೈದ್ಯ ಆಗ ವಿಯೆಟ್ನಾಮಿನ ಸೈಗಾನ್‌ನಲ್ಲಿದ್ದ. ಅಲ್ಲಿ ಪ್ರವಾಹ ಬಂದಾಗ ನಾಗರಹಾವುಗಳು ಊರೊಳಗೆ ನುಗ್ಗಿ ಜನರನ್ನು ಕಚ್ಚಿದವು. ಅದನ್ನು ಕಂಡು ಆತ ಈ ಕೆಲಸಕ್ಕೆ ಇಳಿದ. ಪ್ರಾಣಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು ಅಭ್ಯಾಸ ಮಾಡಿಸಿದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತದ ತಿಳಿಯನ್ನು ಕಚ್ಚಿಸಿಕೊಂಡವರಿಗೆ ಕೊಟ್ಟರೆ ಅವರೂ ಬದುಕುತ್ತಾರೆ.

ನಾಗರಹಾವಿಗೆ ಮಾಡಿದ ಮದ್ದು ಎಲ್ಲ ಹಾವಿಗೂ ನಡೆಯುತ್ತದೆ ಅಂತ ಕಾಲ್ಮೆಟ್ ನಂಬಿದ್ದ. ಅದು ತಪ್ಪು ಅಂತ ತೋರಿಸಿದ್ದು ಬ್ರೆಜಿಲ್ ದೇಶದ ವಿಟಾಲ್ ಬ್ರೆಜಿಲ್ ಅನ್ನುವ ವೈದ್ಯ. ಒಂದು ಹಾವಿನ ವಿಷಕ್ಕೆ ಮಾಡಿದ ಮದ್ದು ಆ ಹಾವಿಗೆ, ಹೆಚ್ಚೆಂದರೆ ಅದರ ಹತ್ತಿರದ ನೆಂಟರಿಗೆ ಮಾತ್ರ ಕೆಲಸ ಮಾಡುತ್ತದೆ. ಈ ಮಾತು ನೂರು ವರ್ಷಕ್ಕೂ ಹಳೆಯದು. ದೊಡ್ಡಪ್ಪನ ಡಾಕ್ಟರು ಹೇಳಿದ ಮಾತಿನ ಬೇರು ಇಲ್ಲೇ ಇದೆ.

ಇವತ್ತಿಗೂ ನಮ್ಮ ದೇಶದ ಎಎಸ್‌ವಿ ಬರುವುದು ಕುದುರೆಯಿಂದಲೇ. ನಾಲ್ಕು ಹಾವುಗಳ ವಿಷ ಬಳಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಕುದುರೆಗೆ ತಿಂಗಳುಗಟ್ಟಲೆ ಸಣ್ಣ ಸಣ್ಣ ಪ್ರಮಾಣದಲ್ಲಿ ಈ ವಿಷ ಕೊಟ್ಟು, ಆಮೇಲೆ ಅದರ ರಕ್ತ ತೆಗೆದು ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಪೆಪ್ಸಿನ್ ಅನ್ನುವ ಕಿಣ್ವದಿಂದ ಅವುಗಳ ಬೇಡದ ಬಾಲವನ್ನು ಕತ್ತರಿಸುತ್ತಾರೆ. ಒಣಗಿಸಿ ಬಿಳಿ ಪುಡಿ ಮಾಡಿ ವಯಲ್‌ಗೆ ತುಂಬುತ್ತಾರೆ. ನರ್ಸ್ ಅದಕ್ಕೆ ನೀರು ಬೆರೆಸಿ, ಅಲ್ಲಾಡಿಸದೆ ಮೆಲ್ಲಗೆ ತಿರುಗಿಸಿ ಕರಗಿಸಿ ಡ್ರಿಪ್‌ಗೆ ಹಾಕುತ್ತಾರೆ.

ಈ ಪ್ರತಿಕಾಯಗಳಲ್ಲಿ ಹೆಚ್ಚಿನ ಪಾಲು ಹಾವಿನ ವಿಷಕ್ಕೆ ಸಂಬಂಧವೇ ಇಲ್ಲದ್ದು. ಕುದುರೆ ತನ್ನ ಜೀವಮಾನದಲ್ಲಿ ಕಂಡ ಧೂಳು, ರೋಗಾಣು ಎಲ್ಲದಕ್ಕೂ ಪ್ರತಿಕಾಯ ಮಾಡಿಕೊಂಡಿರುತ್ತದೆ. ಅದೆಲ್ಲ ನಮ್ಮ ಮೈಗೆ ಬರುತ್ತದೆ. ಕೆಲವರಿಗೆ ಮೈ ತುಂಬ ದದ್ದು, ನಡುಕ, ಒಮ್ಮೊಮ್ಮೆ ಬಿಪಿ ಬಿದ್ದು ಜೀವಕ್ಕೇ ಅಪಾಯ ಆಗುವುದು ಇದರಿಂದಲೇ. ಶ್ರೀಲಂಕಾದವರು ಬಳಸುವುದೂ ಭಾರತದ ಎಎಸ್‌ವಿಯನ್ನೇ. ಅಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲೇ ಸ್ವಲ್ಪ ಅಡ್ರಿನಲಿನ್ ಕೊಟ್ಟರೆ ಇಂಥ ತೀವ್ರ ಅಲರ್ಜಿ ಕಡಿಮೆಯಾಗುತ್ತದೆ ಅಂತ ಅದರಲ್ಲಿ ಗೊತ್ತಾಯಿತು.

ಹತ್ತು ವಯಲ್ಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೊಳಕು ಮಂಡಲ ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಅಂತ ನಮ್ಮ ಚಿಕಿತ್ಸಾ ಮಾರ್ಗಸೂಚಿ ಹಿಡಿದುಕೊಂಡಿದೆ. ಒಂದು ಮಿಲಿಲೀಟರ್ ಎಎಸ್‌ವಿ 0.6 ಮಿಲಿಗ್ರಾಂ ಮಂಡಲದ ವಿಷವನ್ನು ಕಟ್ಟಬೇಕು. ಒಂದು ವಯಲ್ ಅಂದರೆ 10 ಮಿಲಿಲೀಟರ್. ಹತ್ತು ವಯಲ್ಲಿಗೆ 60 ಮಿಲಿಗ್ರಾಂ. ಮಗುವಿಗೂ ಇಷ್ಟೇ ಕೊಡುತ್ತಾರೆ. ಮಗು ಅಂತ ಹಾವು ಕಡಿಮೆ ಕಚ್ಚುವುದಿಲ್ಲವಲ್ಲ. ಲೆಕ್ಕ ಚೆನ್ನಾಗಿದೆ. ಆದರೆ ಈ 0.6 ಅನ್ನುವ ಸಂಖ್ಯೆ ಯಾವ ಊರಿನ ಮಂಡಲದ ವಿಷಕ್ಕೆ?

ಮಾನಸಗಂಗೋತ್ರಿಯಲ್ಲಿ 1988ರಲ್ಲೇ ಗೊತ್ತಾಗಿತ್ತು

ನಮ್ಮ ದೇಶದ ಎಎಸ್‌ವಿಗೆ ಬೇಕಾದ ವಿಷದಲ್ಲಿ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಹಾವುಗಳ ತಜ್ಞ ರೊಮ್ಯುಲಸ್ ವಿಟೇಕರ್ ಅವರ ನೆರವಿನಿಂದ ಆ ಸಂಘ ಹುಟ್ಟಿತು. ಅದಕ್ಕೂ ಮುಂಚೆ ಇರುಳರು ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದರು. ಆ ವ್ಯಾಪಾರ ನಿಂತು ಹೊಟ್ಟೆಗೆ ಕಷ್ಟವಾದಾಗ ಈ ದಾರಿ ತೆರೆಯಿತು. ಹಾವು ಹಿಡಿಯುತ್ತಾರೆ, ಕೆಲವು ವಾರ ಇಟ್ಟುಕೊಂಡು ವಿಷ ತೆಗೆಯುತ್ತಾರೆ, ಗುರುತು ಮಾಡಿ ವಾಪಸ್ ಬಿಡುತ್ತಾರೆ. 2023ರಲ್ಲಿ ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಅವರಿಗೆ ಪದ್ಮಶ್ರೀ ಬಂತು. ನನ್ನ ಮಟ್ಟಿಗೆ ಅದು ಬಹಳ ತಡವಾಗಿ ಬಂದ ಗೌರವ. ದೊಡ್ಡಪ್ಪನ ಮೈಯೊಳಗೆ ಹೋದ ಇಪ್ಪತ್ತು ವಯಲ್ಲಿನ ಹಿಂದೆ ಇಂಥವರ ಕೈ ಇದೆ.

ತೊಂದರೆ ಅವರದ್ದಲ್ಲ. ತೊಂದರೆ ಏನೆಂದರೆ, ಆ ಹಾವುಗಳು ತಮಿಳುನಾಡಿನ ಕೆಲವೇ ಜಿಲ್ಲೆಗಳವು. ಅಲ್ಲಿನ ಮಂಡಲದ ವಿಷದಿಂದ ಆದ ಮದ್ದು ಪಂಜಾಬಿಗೂ ಅದೇ, ಬಂಗಾಳಕ್ಕೂ ಅದೇ, ಪಾಂಡವಪುರಕ್ಕೂ ಅದೇ.

ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷದ ಮಿಶ್ರಣ ಬದಲಾಗುತ್ತದೆ. ಇದು ಹೊಸ ಸುದ್ದಿ ಅಲ್ಲ. ಮಾನಸಗಂಗೋತ್ರಿ ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಜಯಂತಿ ಮತ್ತು ವೀರಬಸಪ್ಪ ಗೌಡ ಅವರು ದೇಶದ ಬೇರೆ ಬೇರೆ ಭಾಗದ ಕೊಳಕು ಮಂಡಲದ ವಿಷವನ್ನು ಹೋಲಿಸಿ ನೋಡಿದರು. ಅದರ ರಚನೆಯೂ ಬೇರೆ, ಕೊಲ್ಲುವ ಶಕ್ತಿಯೂ ಬೇರೆ ಅಂತ 1988ರಲ್ಲೇ ಪ್ರಕಟಿಸಿದರು. ನಾನು ಇದನ್ನು ಓದಿದ ದಿನ ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಊರಿಂದ ಒಂದು ಗಂಟೆ ದಾರಿಯ ಮಾನಸಗಂಗೋತ್ರಿಯಲ್ಲಿ, ದೊಡ್ಡಪ್ಪ ಇನ್ನೂ ಹರೆಯದಲ್ಲಿದ್ದಾಗಲೇ, ಈ ಸಂಗತಿ ಗೊತ್ತಾಗಿತ್ತು. ಮದ್ದು ಮಾತ್ರ ಬದಲಾಗಲಿಲ್ಲ.

ಈಗ ಇದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿರುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು ಅದನ್ನೇ. ಅಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ರಾಜ್ಯದಿಂದ ರಾಜ್ಯಕ್ಕೆ ಹೋಗಿ ವಿಷ ಸಂಗ್ರಹಿಸಿ, ಮಾರುಕಟ್ಟೆಯ ಎಎಸ್‌ವಿ ಅದನ್ನು ಎಷ್ಟು ತಡೆಯುತ್ತದೆ ಅಂತ ಪರೀಕ್ಷಿಸುತ್ತಿದೆ. ಕೆಲವು ಕಡೆಯ ಹಾವುಗಳ ವಿಷದ ಮುಂದೆ ಈಗಿನ ಮದ್ದು ತೀರಾ ಸೋಲುತ್ತದೆ ಅಂತ ಅವರ ಅಧ್ಯಯನಗಳು ತೋರಿಸಿವೆ. 2025ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನಕ್ಕೆ 34 ಜಾಗಗಳ 115 ಕೊಳಕು ಮಂಡಲಗಳ ವಿಷ ಬಳಸಿದ್ದರು. ಆ ಜಾಗದ ಮಳೆ, ಬಿಸಿಲು ನೋಡಿ ಅಲ್ಲಿನ ಮಂಡಲದ ವಿಷ ಹೇಗಿರಬಹುದು ಅಂತ ಅಂದಾಜು ಮಾಡಬಹುದಂತೆ. ಒಣ ಪ್ರದೇಶದ ಹಾವುಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಜಾಸ್ತಿ ಇತ್ತು. ಇಂಥ ನಕ್ಷೆ ಕೈಲಿದ್ದರೆ ಎಲ್ಲಿಗೆ ಯಾವ ಮದ್ದು ಬೇಕು ಅನ್ನುವುದು ಗೊತ್ತಾಗುತ್ತದೆ. ಡಾಕ್ಟರಿಗೂ ತಮ್ಮ ಭಾಗದಲ್ಲಿ ಯಾವ ಲಕ್ಷಣ ನಿರೀಕ್ಷಿಸಬೇಕು ಅಂತ ತಿಳಿಯುತ್ತದೆ.

ಹಾಗಾದರೆ ಎಲ್ಲ ಕಡೆಯ ವಿಷ ತಂದು ಕುದುರೆಗೆ ಕೊಟ್ಟುಬಿಡಿ ಅಂತ ಹೇಳುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಹಾವು ವನ್ಯಜೀವಿ. 1972ರ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಅನುಮತಿ ಸಿಕ್ಕರೂ ಹಾವು ಹಿಡಿಯುವ ಇರುಳರಂಥ ಪರಿಣತರು ಎಲ್ಲ ರಾಜ್ಯದಲ್ಲಿ ಇಲ್ಲ. ಒಂದೇ ಕುದುರೆಗೆ ವಿಷದ ಬಗೆ ಹೆಚ್ಚಿಸುತ್ತಾ ಹೋದರೆ ಒಂದೊಂದಕ್ಕೂ ಸಿಗುವ ಪ್ರತಿಕಾಯದ ಪಾಲು ತೆಳುವಾಗುತ್ತದೆ. ಆಗ ಇನ್ನೂ ಹೆಚ್ಚು ವಯಲ್ ಬೇಕು, ಅಲರ್ಜಿ ಇನ್ನೂ ಜಾಸ್ತಿ. ಇನ್ನು ಮಲೆನಾಡು, ಕೊಡಗಿನ ಕಡೆ ಇರುವ ಮೂಗುಬ್ಬಿದ ಸಣ್ಣ ಮಂಡಲಕ್ಕೆ ಈಗಿನ ಎಎಸ್‌ವಿ ಕೆಲಸವನ್ನೇ ಮಾಡುವುದಿಲ್ಲ. ಅದು ಆ ನಾಲ್ಕರ ಪಟ್ಟಿಯಲ್ಲೇ ಇಲ್ಲ.

ಕುದುರೆ ಬಿಟ್ಟು ಬೇರೆ ದಾರಿ

ಇಲ್ಲಿಂದ ಮುಂದೆ ಸಂಶೋಧನೆ ನಿಜಕ್ಕೂ ಕುತೂಹಲದ ಜಾಗಕ್ಕೆ ಬರುತ್ತದೆ. ಊರೂರಿಗೆ ವಿಷ ಬೇರೆಯಾದರೂ ಅದರ ಮುಖ್ಯ ಪ್ರೋಟೀನುಗಳಲ್ಲಿ ಒಂದು ಭಾಗ ಬದಲಾಗುವಂತಿಲ್ಲ. ಬದಲಾದರೆ ವಿಷ ವಿಷವಾಗಿ ಉಳಿಯುವುದಿಲ್ಲ. ನಾಗರಹಾವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗದ್ದೆಯ ಬಾಯಿ ಎಲ್ಲರ ಮೈಯಲ್ಲೂ ಒಂದೇ ಅಳತೆಯದ್ದು. ಅದನ್ನು ಮುಚ್ಚಬೇಕಾದರೆ ವಿಷದ ಆ ತುದಿಯೂ ಅದೇ ಅಳತೆಗೆ ಇರಲೇಬೇಕು. ಆ ತುದಿಯನ್ನೇ ಹಿಡಿಯುವ ಒಂದು ಪ್ರತಿಕಾಯ ಸಿಕ್ಕರೆ, ಯಾವ ಊರಿನ ಹಾವಾದರೂ ನಡೆಯುತ್ತದೆ ಅಲ್ವಾ?

ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಸುನಗರ್ ತಂಡ ಮತ್ತು ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರು ಸೇರಿ ಇದನ್ನೇ ಹುಡುಕಿದರು. ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ಮಾನವ ಪ್ರತಿಕಾಯಗಳನ್ನು ಜರಡಿ ಹಿಡಿದು ಒಂದನ್ನು ಆರಿಸಿದರು. ಅದಕ್ಕೆ 95ಮ್ಯಾಟ್5 ಅಂತ ಹೆಸರು. 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಏಷ್ಯಾದ ಕಟ್ಟುಹಾವಿನ ಒಂದು ಜಾತಿಯಿಂದ ಆಫ್ರಿಕಾದ ಬ್ಲ್ಯಾಕ್ ಮಾಂಬಾದವರೆಗೆ ಹಲವು ಹಾವುಗಳ ವಿಷದಿಂದ ಅದು ಇಲಿಗಳನ್ನು ಉಳಿಸಿತು. ಇದು ಮನುಷ್ಯರದ್ದೇ ಪ್ರತಿಕಾಯ, ಕುದುರೆಯದ್ದಲ್ಲ. ಹಾಗಾಗಿ ಅಲರ್ಜಿಯ ಭಯ ತುಂಬ ಕಡಿಮೆ.

2025ರ ಜನವರಿಯಲ್ಲಿ ಇನ್ನೊಂದು ದಾರಿ ಕಂಡಿತು. 2024ರ ರಸಾಯನಶಾಸ್ತ್ರ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ಪ್ರಯೋಗಾಲಯ ಡೆನ್ಮಾರ್ಕಿನವರ ಜೊತೆ ಸೇರಿ, ಪ್ರಾಣಿಯನ್ನೇ ಬಳಸದೆ ಕಂಪ್ಯೂಟರಿನಲ್ಲಿ ಸಣ್ಣ ಪ್ರೋಟೀನುಗಳನ್ನು ವಿನ್ಯಾಸ ಮಾಡಿತು. ಇವೂ ನಾಗರಹಾವಿನ ಬಳಗದ ಆ ನರವಿಷವನ್ನೇ ಹಿಡಿಯುತ್ತವೆ. ಅದೇ ವರ್ಷ ಡೆನ್ಮಾರ್ಕಿನ ಇನ್ನೊಂದು ತಂಡ ಲಾಮಾ, ಅಲ್ಪಾಕಾ ಅನ್ನುವ ಒಂಟೆ ಕುಲದ ಪ್ರಾಣಿಗಳಿಂದ ಎಂಟು ಪುಟಾಣಿ ಪ್ರತಿಕಾಯಗಳನ್ನು ತೆಗೆದು, ಆಫ್ರಿಕಾದ ಅದೇ ಬಳಗದ 18 ಹಾವುಗಳಲ್ಲಿ 17ರ ವಿಷವನ್ನು ತಡೆದು ತೋರಿಸಿತು. ಈ ಪುಟಾಣಿಗಳ ಲಾಭ ಏನೆಂದರೆ, ಅವು ಮಾಂಸದೊಳಕ್ಕೆ ಬೇಗ ಇಳಿಯುತ್ತವೆ. ಕುದುರೆಯ ಪ್ರತಿಕಾಯ ಗಾತ್ರದಲ್ಲಿ ದೊಡ್ಡದು. ರಕ್ತದಲ್ಲಿ ಓಡಾಡುವ ವಿಷವನ್ನು ಅದು ಹಿಡಿಯುತ್ತದೆ. ಕಚ್ಚಿದ ಕಾಲಿನ ಮಾಂಸದಲ್ಲಿ ಕೂತ ವಿಷದ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ದೊಡ್ಡಪ್ಪನ ಬೆರಳು ಹೋದದ್ದು ಹೀಗೆಯೇ.

ಇಷ್ಟು ಓದಿ ನಾನು ಹಿಗ್ಗಿದೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಸುದ್ದಿಯಾಗುವ ಈ ಎಲ್ಲ ಸಾಧನೆಗಳೂ ಹೆಚ್ಚಾಗಿ ನಾಗರಹಾವಿನ ಬಳಗದ ಮೇಲಿನವು. ಆ ಬಳಗದ ನರವಿಷ ಚಿಕ್ಕ ಪ್ರೋಟೀನು, ಗುರಿ ಹಿಡಿಯಲು ಸುಲಭ. ಮಂಡಲದ್ದು ಹಾಗಲ್ಲ. ಬೇರೆ ಬೇರೆ ದೊಡ್ಡ ಕಿಣ್ವಗಳು ಒಟ್ಟಿಗೆ ದಾಳಿ ಮಾಡುತ್ತವೆ. ಒಂದನ್ನು ಹಿಡಿದರೆ ಇನ್ನೊಂದು ಉಳಿಯುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಜನರನ್ನು ಕಚ್ಚುವ ವಿಷದ ಹಾವು ಮಂಡಲವೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರು ಅಂತ 2020ರ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58,000. ಅದೇ ಅಧ್ಯಯನ ಹಳೆಯ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ ಕಡಿತಗಳಲ್ಲಿ ಕೊಳಕು ಮಂಡಲದ ಪಾಲು ಶೇ. 43, ಕಟ್ಟುಹಾವಿನದು ಶೇ. 18, ನಾಗರಹಾವಿನದು ಶೇ. 12. ಹಾಗಾಗಿ ನಾಗರಹಾವಿಗೆ ಹೊಸ ಮದ್ದು ಬಂತು ಅಂತ ಪೇಪರಿನಲ್ಲಿ ಓದಿದಾಗ ಮಂಡಲಕ್ಕೆ ಏನು ಬಂತು ಅಂತ ಕೇಳುವುದು ನಮ್ಮ ಜಿಲ್ಲೆಯವರ ಹಕ್ಕು.

ಮಂಡಲಕ್ಕೆ ಆಸೆ ಹುಟ್ಟಿಸಿರುವುದು ಒಂದು ಗುಳಿಗೆ. ವೆರೆಸ್ಪ್ಲಾಡಿಬ್ ಅಂತ ಹೆಸರು. ಇದನ್ನು ಮೊದಲು ತಯಾರಿಸಿದ್ದು ಹೃದ್ರೋಗದಂಥ ಬೇರೆ ಕಾಯಿಲೆಗಳಿಗೆ. ಅಲ್ಲಿ ಇದು ಗೆಲ್ಲಲಿಲ್ಲ. ಆದರೆ ಫಾಸ್ಫೋಲಿಪೇಸ್ ಅನ್ನುವ ಕಿಣ್ವವನ್ನು ಇದು ತಡೆಯುತ್ತದೆ, ಮತ್ತು ಮಂಡಲದ ವಿಷದಲ್ಲಿ ಆ ಕಿಣ್ವ ತುಂಬ ಇದೆ. ಭಾರತ ಮತ್ತು ಅಮೆರಿಕದಲ್ಲಿ ಹಾವು ಕಚ್ಚಿಸಿಕೊಂಡವರ ಮೇಲೆ ಇದರ ಪ್ರಯೋಗ ನಡೆಯಿತು. ಎಎಸ್‌ವಿ ಮಾಮೂಲಿನಂತೆ ಕೊಟ್ಟು, ಜೊತೆಗೆ ಇದನ್ನು ಕೊಟ್ಟರು. 2024ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಗುಳಿಗೆಯ ಲಾಭ ಖಚಿತವಾಗಿ ಕಾಣಲಿಲ್ಲ. ಕಚ್ಚಿದ ಐದು ಗಂಟೆಯೊಳಗೆ ಗುಳಿಗೆ ಸಿಕ್ಕವರಲ್ಲಿ ಮಾತ್ರ ಒಳ್ಳೆಯ ಸೂಚನೆ ಕಂಡಿತು.

ಇದನ್ನು ಸೋಲು ಅಂತ ನಾನು ಓದುವುದಿಲ್ಲ. ಈ ಗುಳಿಗೆಯ ಬೆಲೆ ಇರುವುದೇ ಅದು ಬೇಗ ಸಿಗುವುದರಲ್ಲಿ. ಎಎಸ್‌ವಿಯನ್ನು ಮನೆಯಲ್ಲಿ ಕೊಡಲಾಗದು. ಡ್ರಿಪ್ ಬೇಕು, ಅಲರ್ಜಿಯಾದರೆ ನೋಡಿಕೊಳ್ಳಲು ಡಾಕ್ಟರು ಬೇಕು. ಗುಳಿಗೆ ಹಾಗಲ್ಲ. ಊರಿನ ಆಶಾ ಕಾರ್ಯಕರ್ತೆಯ ಬ್ಯಾಗಿನಲ್ಲಿ ಇರಬಹುದು. 2020ರ ಅಧ್ಯಯನದ ಪ್ರಕಾರ ಸತ್ತವರಲ್ಲಿ ಶೇ. 77ರಷ್ಟು ಜನ ಆಸ್ಪತ್ರೆಯ ಹೊರಗೇ ಸತ್ತರು. ಅವರಿಗೆ ಎಂಥ ಒಳ್ಳೆಯ ಎಎಸ್‌ವಿ ಇದ್ದರೂ ಒಂದೇ. ಅವರ ಹತ್ತಿರ ಅದು ಬರಲೇ ಇಲ್ಲ. ಆಸ್ಪತ್ರೆ ಸೇರುವವರೆಗೆ ವಿಷದ ವೇಗ ತಗ್ಗಿಸುವ ಏನಾದರೂ ಕೈಲಿದ್ದರೆ ಎಷ್ಟು ಜೀವ ಉಳಿಯಬಹುದು. ರಕ್ತ ಕೆಡಿಸುವ ಇನ್ನೊಂದು ಬಗೆಯ ಕಿಣ್ವಕ್ಕೆ ಸತುವಿನ ಆಸರೆ ಬೇಕು. ಆ ಸತುವನ್ನು ಕಿತ್ತುಕೊಳ್ಳುವ ಔಷಧಗಳ ಮೇಲೂ ಕೆಲಸ ನಡೆದಿದೆ. ಪಾದರಸದಂಥ ಲೋಹ ಮೈಗೇರಿದವರಿಗೆ ಕೊಡುವ ಹಳೆಯ ಔಷಧ ಯುನಿಥಿಯೋಲ್ ಅಂಥದ್ದೊಂದು.

ಕೊಳೆಯುವ ಗಾಯದ ಬಗ್ಗೆ ಮತ್ತೆ ಮಾನಸಗಂಗೋತ್ರಿಗೇ ಬರಬೇಕು. ಅಲ್ಲಿನ ಜೀವರಸಾಯನ ವಿಭಾಗದ ಕೆಂಪರಾಜು ಅವರ ತಂಡ 2016ರಲ್ಲಿ ಒಂದು ವಿಶೇಷ ಸಂಗತಿ ಪ್ರಕಟಿಸಿತು. ಗರಗಸ ಮಂಡಲ ಕಚ್ಚಿದ ಜಾಗಕ್ಕೆ ನಮ್ಮ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಬಂದು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಎಸೆಯುತ್ತವೆ. ರೋಗಾಣು ಬಂದಾಗ ಈ ಬಲೆ ಒಳ್ಳೆಯದು. ಹಾವಿನ ವಿಷ ಬಂದಾಗ ಅದೇ ಬಲೆ ವಿಷವನ್ನು ಅಲ್ಲೇ ಹಿಡಿದಿಟ್ಟು, ರಕ್ತನಾಳ ಮುಚ್ಚಿ, ಮಾಂಸ ಸಾಯಿಸುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಬೇಗ ಕೊಟ್ಟಾಗ ಪ್ರಯೋಗದ ಇಲಿಗಳ ಬಾಲ ಕೊಳೆಯದೆ ಉಳಿಯಿತು. ಇದು ಇನ್ನೂ ಇಲಿಯ ಮಟ್ಟದ ಮಾತು. ಆದರೆ ಕೈಕಾಲು ಕಳೆದುಕೊಳ್ಳುವ ರೈತರ ಪರವಾಗಿ ನಮ್ಮ ಮೈಸೂರಿನಲ್ಲಿ ಇಂಥ ಯೋಚನೆ ಹುಟ್ಟಿತು ಅನ್ನುವುದು ನನಗೆ ಹೆಮ್ಮೆ.

ಅಲ್ಲಿಯವರೆಗೆ

ಹೊಸದು ಬರುವವರೆಗೆ ನಮಗಿರುವುದು ಈ ಕುದುರೆಯ ಮದ್ದೇ. ಅದಕ್ಕೆ ನೂರು ಕೊರತೆ ಇರಬಹುದು, ಆದರೆ ದೊಡ್ಡಪ್ಪನನ್ನು ಉಳಿಸಿದ್ದು ಅದೇ. ಇಲ್ಲಿ ಬರೆದದ್ದನ್ನು ಓದಿ ಯಾರೂ ಎಎಸ್‌ವಿ ಬೇಡ ಅನ್ನಬಾರದು, ಬೇರು ಅರೆದು ಕೊಡುವವರ ಮನೆಗೆ ಹೋಗಬಾರದು. ಕಾಲಿಗೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಕಚ್ಚಿದ ಕೈಕಾಲು ಅಲುಗಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಬೈಕ್ ಸಿಕ್ಕರೆ ಮಧ್ಯದಲ್ಲಿ ಕೂರಿಸಿಕೊಂಡು ಹೊರಡಿ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದೂ ಬೇಡ. ಹಾಗೆ ಹೋಗಿ ಎರಡನೆಯವರು ಕಚ್ಚಿಸಿಕೊಂಡದ್ದುಂಟು. ನಾಲ್ಕು ಹಾವಿಗೂ ಮದ್ದು ಒಂದೇ, ಡಾಕ್ಟರು ಲಕ್ಷಣ ನೋಡಿಯೇ ಕೊಡುತ್ತಾರೆ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ದೇಶದಲ್ಲೇ ಇದು ಮೊದಲು. ಖಾಸಗಿ ಆಸ್ಪತ್ರೆಯವರೂ ಲೆಕ್ಕ ಕೊಡಬೇಕು. ಇದು ಬರೀ ಕಾಗದದ ಕೆಲಸ ಅಂತ ಅನ್ನಿಸಬಹುದು. ಯಾವ ತಾಲೂಕಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಕಡಿತ ಅಂತ ಗೊತ್ತಿಲ್ಲದೆ ಎಲ್ಲಿಗೆ ಎಷ್ಟು ವಯಲ್ ಕಳಿಸುವುದು? ಮುಂದೆ ಪ್ರಾದೇಶಿಕ ಮದ್ದು ಮಾಡುವುದಾದರೂ ಇದೇ ಲೆಕ್ಕ ಬೇಕು.

ಹುಣಸೂರು ಕಡೆ ಲಿಯಾನ ಟ್ರಸ್ಟ್ ಅನ್ನುವ ಸಂಸ್ಥೆ ಇದರ ಇನ್ನೊಂದು ತುದಿ ಹಿಡಿದು ಕೆಲಸ ಮಾಡುತ್ತಿದೆ. ಮಂಡಲಗಳಿಗೆ ಪುಟ್ಟ ರೇಡಿಯೋ ಅಳವಡಿಸಿ, ಅವು ಹೊಲದಲ್ಲಿ ಎಲ್ಲಿ ಮಲಗುತ್ತವೆ, ಯಾವಾಗ ಓಡಾಡುತ್ತವೆ ಅಂತ ಹಿಂಬಾಲಿಸಿ ನೋಡಿದ್ದಾರೆ. ರೈತರಿಗೆ ಗಮ್‌ಬೂಟು, ಬ್ಯಾಟರಿ, ಸೊಳ್ಳೆಪರದೆ ಹಂಚಿದ್ದಾರೆ. ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದರೆ ಕಟ್ಟುಹಾವು ಹಾಸಿಗೆಗೆ ಬರುವುದಿಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ದೊಡ್ಡಪ್ಪ ಈಗ ಮೊಣಕಾಲಿನವರೆಗೆ ಬರುವ ಗಮ್‌ಬೂಟು ಇಟ್ಟುಕೊಂಡಿದ್ದಾರೆ. ಊಟ ಆದ ಮೇಲೆ ಜಗುಲಿಯಲ್ಲಿ ಕೂತು ಆ ಗುಳಿಗೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನಮ್ಮ ಆಶಾ ಅಮ್ಮನ ತಾವ್ಕೆ ಯಾವಾಗ್ ಬತ್ತದಂತೆ ಅದು?"

"ಇನ್ನೂ ಪರೀಕ್ಷೆ ನಡೀತಾ ಇದೆ ದೊಡ್ಡಪ್ಪ. ಮಂಡಲಕ್ಕೆ ಒಂದೇ ಗುಳಿಗೆ ಸಾಲದು ಅಂತಾರೆ."

ಅಷ್ಟರಲ್ಲಿ ಕಂಬದ ದೀಪ ಒಮ್ಮೆ ಮಂಕಾಗಿ ಮತ್ತೆ ಹತ್ತಿತು. ತ್ರೀ ಫೇಸ್ ಬಂದಿತ್ತು. ದೊಡ್ಡಪ್ಪ ಬೂಟಿನೊಳಗೆ ಏನಾದರೂ ಸೇರಿಕೊಂಡಿದೆಯಾ ಅಂತ ತಲೆಕೆಳಗು ಮಾಡಿ ಎರಡು ಸಲ ನೆಲಕ್ಕೆ ಬಡಿದರು, ಕಾಲಿಗೆ ಏರಿಸಿಕೊಂಡರು, ಕೋಲು ತೆಗೆದುಕೊಂಡರು. ನಾನು ದೊಡ್ಡ ಬ್ಯಾಟರಿ ಹಿಡಿದು ಮುಂದೆ ನಡೆದೆ.